ಗೋಡೆಗೆ ತೂಗಿದ ಹಂಡಕ್ಕನ ಗಂಟೆ

"ಮೇಸ್ತ್ರಿ, ಮೇಸ್ತ್ರಿ, ಹುಣಸೆಕಟ್ಟೆಗೆ ಯಾವ ಕಡೆ ಹೋಗಬೇಕು?"

ಕೇಳಿದ್ದು ಒಂದು ಮೇಕೆ. ಹೆಸರು ಹಂಡಕ್ಕ. ಮೈಯೆಲ್ಲ ಕಪ್ಪು ಬಿಳಿ ಮಚ್ಚೆ. ಕೊರಳಲ್ಲಿ ಕಂಚಿನ ಗಂಟೆ. ನಡೆದರೆ ಟಿಣಿಂಗ್ ಟಿಣಿಂಗ್. ನಿಂತ ಮೇಲೂ ಇನ್ನೊಂದು ಟಿಣಿಂಗ್.

ಹಂಡಕ್ಕ ಬೆಳಿಗ್ಗೆಯಿಂದ ದಾರಿ ತಪ್ಪಿ ಸುತ್ತುತ್ತಿದ್ದಳು. ಎಡಕ್ಕೆ ಹೋದಳು. ಅರ್ಧ ಕಟ್ಟಿದ ಮನೆ. ಬಲಕ್ಕೆ ಹೋದಳು. ಅರ್ಧ ಕಟ್ಟಿದ ಮನೆ. ವಾಪಸ್ ಬಂದಳು. ಅದೇ ಅರ್ಧ ಕಟ್ಟಿದ ಮನೆ. ಅಲ್ಲ, ಅದು ಬೇರೆ ಅರ್ಧ ಕಟ್ಟಿದ ಮನೆ. ಊರಾಚೆಯ ಹೊಸ ಬಡಾವಣೆ ಅಂದರೆ ಹಾಗೇ.

ಜೊತೆಗೆ ಮಗನೂ ಇದ್ದ. ಹೆಸರು ಕಡ್ಲೆ. ಸುತ್ತಿ ಸುತ್ತಿ ಕಡ್ಲೆಗೆ ಕಾಲು ನೋವು. ಅದಕ್ಕೆ ಅವನನ್ನು ಒಂದು ಇಟ್ಟಿಗೆ ರಾಶಿಯ ಹಿಂದೆ ಕೂರಿಸಿ ಬಂದಿದ್ದಳು.

"ಇಲ್ಲೇ ಇರು ಮಗಾ. ದಾರಿ ಕೇಳಿಕೊಂಡು ಬರ್ತೀನಿ. ಯಾರಾದರೂ 'ಮೇ' ಅಂದರೆ ಬರಬೇಡ. ಪೇಟೆಯಲ್ಲಿ ಯಾರು ಬೇಕಾದರೂ 'ಮೇ' ಅಂತಾರೆ. ನನ್ನ ಗಂಟೆ ಕೇಳಿದರೆ ಮಾತ್ರ ಬಾ."

"ಗಂಟೆ ಕೇಳಿದರೆ ಬರ್ತೀನಿ. ಗಂಟೆ ಕೇಳದಿದ್ದರೆ ಬರಲ್ಲ," ಅಂದಿದ್ದ ಕಡ್ಲೆ.

ಈಗ ಮೇಸ್ತ್ರಿ ಕುಬೇರಪ್ಪ ಗೋಡೆಯ ಮೇಲಿಂದ ಬಗ್ಗಿ ನೋಡಿದ. ದಾರಿ ಹೇಳಲಿಲ್ಲ. ಗಂಟೆ ನೋಡಿದ.

"ಅಕ್ಕಾ, ಆ ಗಂಟೆ ಒಂದು ನಿಮಿಷ ಕೊಡ್ತೀಯಾ?"

"ಯಾಕೆ?"

"ನನ್ನ ತೂಕದ ಗುಂಡು ಕಳೆದುಹೋಯ್ತು."

ತೂಕದ ಗುಂಡು ಗೊತ್ತಲ್ಲ? ದಾರದ ತುದಿಗೆ ಕಟ್ಟಿದ ಕಬ್ಬಿಣದ ಗುಂಡು. ಮೇಲಿಂದ ಇಳಿಬಿಟ್ಟರೆ ದಾರ ನೆಟ್ಟಗೆ ನಿಲ್ಲುತ್ತದೆ. ದಾರ ನೋಡಿ ಗೋಡೆ ನೆಟ್ಟಗೆ ಕಟ್ಟುತ್ತಾರೆ.

"ಎಲ್ಲಿ ಕಳೆದೆ?" ಅಂದಳು ಹಂಡಕ್ಕ.

ಕುಬೇರಪ್ಪನಿಗೆ ನಾಚಿಕೆಯಾಯಿತು. "ಪಾಯದ ಪೂಜೆ ಇತ್ತು. ಎಲ್ಲರೂ ಪಾಯಕ್ಕೆ ಏನೇನೋ ಹಾಕಿದರು. ಒಬ್ಬರು ನವಧಾನ್ಯ ಹಾಕಿದರು. ಒಬ್ಬರು ಅರಿಶಿನದ ಕೊಂಬು ಹಾಕಿದರು. ನಾನು ಕಾಸು ಹಾಕಬೇಕಿತ್ತು. ಒಂದು ಕೈಯಲ್ಲಿ ಕಾಸು, ಒಂದು ಕೈಯಲ್ಲಿ ಗುಂಡು. ಭಕ್ತಿಯಿಂದ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ ಕಾಸು ಕೈಯಲ್ಲೇ ಇದೆ."

"ಗುಂಡು?"

"ಅದರ ಮೇಲೆ ಕಾಂಕ್ರೀಟು. ಕಾಂಕ್ರೀಟಿನ ಮೇಲೆ ಮನೆ."

ಹಂಡಕ್ಕನಿಗೆ ಪಾಪ ಅನ್ನಿಸಿತು. ಒಂದು ನಿಮಿಷ ತಾನೆ? ಗಂಟೆ ಬಿಚ್ಚಿ ಕೊಟ್ಟಳು. ಕುಬೇರಪ್ಪ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದ. ದಾರಕ್ಕೆ ಕಟ್ಟಿದ. ಗೋಡೆಯ ಪಕ್ಕ ಇಳಿಬಿಟ್ಟ.

ಒಂದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು. ಗೋಡೆ ಏಳಲಿಲ್ಲ. ಗಂಟೆ ಇಳಿಯಲಿಲ್ಲ.

"ಮೇಸ್ತ್ರಿ, ಗಂಟೆ ಕೊಡು. ಗಂಟೆಯಿಲ್ಲದೆ ಕಡ್ಲೆ ಬಾರ."

"ಈಗ ತೆಗೆದರೆ ಗೋಡೆ ಸೊಟ್ಟಗಾಗುತ್ತೆ ಅಕ್ಕ. ಎದುರು ಮನೆ ನೋಡು, ಕಣ್ಣಳತೆಯಲ್ಲೇ ಕಟ್ಟಿದ್ದು. ನಾವು ಆ ಗೋಡೆಗೆ ಒರಗಿದರೆ ಆ ಗೋಡೆ ನಮಗೆ ಒರಗುತ್ತೆ."

"ಹಾಗಾದರೆ ಬೇಗ ಕಟ್ಟಿ ಮುಗಿಸು."

"ಬಾಗಿಲಿನ ಚೌಕಟ್ಟು ಬಂದಿಲ್ಲ. ಚೌಕಟ್ಟು ನಿಲ್ಲಿಸದೆ ಗೋಡೆ ಕಟ್ಟಿದರೆ ಮನೆಗೆ ಬಾಗಿಲೇ ಇರಲ್ಲ. ನನ್ನ ಕೆಲಸ ಮುಗಿದ ಹಾಗೇ. ತಡವೆಲ್ಲ ಆ ಬಡಗಿಯದು."

ಅಂದು ಬೆರಳು ತೋರಿಸಿದ.

ಹಂಡಕ್ಕ ಹಿಂದೆ ತಿರುಗಿದಳು. ಇಟ್ಟಿಗೆ ರಾಶಿ ಒಂದಲ್ಲ, ಇಪ್ಪತ್ನಾಲ್ಕು. ಎಲ್ಲವೂ ಕೆಂಪು. ಎಲ್ಲವೂ ಚೌಕ. ಕಡ್ಲೆ ಯಾವುದರ ಹಿಂದೆ? ಮೊದಲ ರಾಶಿ ಸುತ್ತಿದಳು. ಇಲ್ಲ. ಎರಡನೇ ರಾಶಿ ಸುತ್ತಿದಳು. ಇಲ್ಲ. ಮೂರನೇ ರಾಶಿಯ ಹಿಂದೆ ಕಡ್ಲೆ ಇದ್ದ. ಆದರೆ ಕಡ್ಲೆ ಜಾಣ. ಗಂಟೆಯಿಲ್ಲದ ಹೆಜ್ಜೆ ಕೇಳಿದ. ಅಮ್ಮ ಈ ಕಡೆಯಿಂದ ಸುತ್ತಿದರೆ ಅವನು ಆ ಕಡೆಯಿಂದ ಸುತ್ತಿದ.

"ಮೇ," ಅಂದಳು ಹಂಡಕ್ಕ.

ಕಡ್ಲೆ ಬರಲಿಲ್ಲ. ಹೇಳಿದ ಮಾತು ಕೇಳುವ ಮಗ. ಅವನು ಮಾತು ಕೇಳಿದ್ದು ಅದೇ ಮೊದಲ ಸಲ.

ಹಂಡಕ್ಕ ಬಡಗಿಯ ಹತ್ತಿರ ಓಡಿದಳು. ಓಡುತ್ತ ಹೇಳಿಕೊಂಡಳು:

ಚೌಕಟ್ಟು ಬಂದರೆ ಗೋಡೆ ಏಳುತ್ತೆ.
ಗೋಡೆ ಎದ್ದರೆ ಗಂಟೆ ಇಳಿಯುತ್ತೆ.
ಗಂಟೆ ಇಳಿದರೆ ಕಡ್ಲೆ ಬರ್ತಾನೆ.

ಬಡಗಿ ಮೌನೇಶಾಚಾರಿ ಚೌಕಟ್ಟು ಮಾಡಿ ಮುಗಿಸಿ ಅದರ ಮೇಲೇ ಕಾಲು ಚಾಚಿ ಮಲಗಿದ್ದ.

"ಆಚಾರ್ರೇ, ಆಚಾರ್ರೇ, ಚೌಕಟ್ಟು ಕೊಡಿ.
ಮೇಸ್ತ್ರಿ ಗಂಟೆ ಕೊಡ.
ಗಂಟೆಯಿಲ್ಲದೆ ಕಡ್ಲೆ ಬಾರ."

ಆಚಾರಿ ಒಂದು ಕಣ್ಣು ತೆರೆದ. "ಚೌಕಟ್ಟು ಇದೆ. ಅದನ್ನು ಗೋಡೆಗೆ ಕಚ್ಚಿ ಹಿಡಿಯೋ ಕಬ್ಬಿಣದ ಪಟ್ಟಿ ಇಲ್ಲ. ಪಟ್ಟಿ ಇಲ್ಲದೆ ನಿಲ್ಲಿಸಿದರೆ ಏನಾಗುತ್ತೆ ಗೊತ್ತಾ? ಆ ಮನೆಯ ಅಜ್ಜಿ ಸಿಟ್ಟಿನಿಂದ ಒಂದು ಸಲ ಬಾಗಿಲು ಬಡೀತಾರೆ. ಬಾಗಿಲು ಬೀದಿಗೆ ಹೋಗುತ್ತೆ. ಚೌಕಟ್ಟು ಬಾಗಿಲ ಹಿಂದೆ ಹೋಗುತ್ತೆ. ಅಜ್ಜಿ ಚೌಕಟ್ಟಿನ ಹಿಂದೆ ಹೋಗ್ತಾರೆ."

"ಅಜ್ಜಿಗೆ ಅಷ್ಟೊಂದು ಸಿಟ್ಟಾ?"

"ಮನೆ ಕಟ್ಟಿಸ್ತಾ ಇದಾರಲ್ಲ. ಬಂದೇ ಬರುತ್ತೆ. ನನ್ನ ಕೆಲಸ ಮುಗಿದ ಹಾಗೇ. ತಡವೆಲ್ಲ ಆ ಕಮ್ಮಾರನದು."

ಅಂದು ಬೆರಳು ತೋರಿಸಿದ. ಮತ್ತೆ ಕಣ್ಣು ಮುಚ್ಚಿದ.

ಹಂಡಕ್ಕ ಕಮ್ಮಾರನ ಹತ್ತಿರ ಓಡಿದಳು.

ಪಟ್ಟಿ ಸಿಕ್ಕರೆ ಚೌಕಟ್ಟು ಬರುತ್ತೆ.
ಚೌಕಟ್ಟು ಬಂದರೆ ಗೋಡೆ ಏಳುತ್ತೆ.
ಗೋಡೆ ಎದ್ದರೆ ಗಂಟೆ ಇಳಿಯುತ್ತೆ.
ಗಂಟೆ ಇಳಿದರೆ ಕಡ್ಲೆ ಬರ್ತಾನೆ.

ಕಮ್ಮಾರ ದಾದಾಪೀರ್ ತಟ್ಟೆಯಲ್ಲಿ ಟೀ ಕುಡಿಯುತ್ತಿದ್ದ.

"ಪೀರಣ್ಣಾ, ಪೀರಣ್ಣಾ, ಪಟ್ಟಿ ಕೊಡು.
ಆಚಾರಿ ಚೌಕಟ್ಟು ಕೊಡ.
ಮೇಸ್ತ್ರಿ ಗಂಟೆ ಕೊಡ.
ಗಂಟೆಯಿಲ್ಲದೆ ಕಡ್ಲೆ ಬಾರ."

"ಬೆಂಕಿ ಇದೆ," ಅಂದ ದಾದಾಪೀರ್. "ಸುತ್ತಿಗೆ ಇದೆ. ತೋಳೂ ಇದೆ, ನೋಡು. ಕಬ್ಬಿಣ ಮಾತ್ರ ಇಲ್ಲ. ಕಬ್ಬಿಣ ಲಾರಿಯಲ್ಲಿದೆ. ಲಾರಿ ಬಂದಿಲ್ಲ. ಬಡಿಯೋಕೆ ಏನೂ ಇಲ್ಲದೆ ಬೇಜಾರಾಗಿ ನನ್ನ ಟೀ ಲೋಟಾನೇ ಬಡಿದುಬಿಟ್ಟೆ. ಇದು ತಟ್ಟೆ ಅಲ್ಲಕ್ಕಾ. ಇದು ಲೋಟ."

"ಹಾಗಾದರೆ ತಡ?"

"ನನ್ನ ಕೆಲಸ ಮುಗಿದ ಹಾಗೇ. ತಡವೆಲ್ಲ ಆ ಡ್ರೈವರಿಂದು."

ಅಂದು ಬೆರಳು ತೋರಿಸಿದ. ಟೀ ಚೆಲ್ಲಿತು.

ಹಂಡಕ್ಕ ಡ್ರೈವರನ ಹತ್ತಿರ ಓಡಿದಳು.

ಲಾರಿ ಬಂದರೆ ಪಟ್ಟಿ ಸಿಗುತ್ತೆ.
ಪಟ್ಟಿ ಸಿಕ್ಕರೆ ಚೌಕಟ್ಟು ಬರುತ್ತೆ.
ಚೌಕಟ್ಟು ಬಂದರೆ ಗೋಡೆ ಏಳುತ್ತೆ.
ಗೋಡೆ ಎದ್ದರೆ ಗಂಟೆ ಇಳಿಯುತ್ತೆ.
ಗಂಟೆ ಇಳಿದರೆ ಕಡ್ಲೆ ಬರ್ತಾನೆ.

ರಸ್ತೆಯ ತುದಿಯಲ್ಲಿ ದೊಡ್ಡ ಲಾರಿ. ಲಾರಿ ತುಂಬ ಮರಳು. ಮರಳಿನ ಮೇಲೆ ಡ್ರೈವರ್ ಮುರುಗೇಶಿ.

"ಮುರುಗಣ್ಣಾ, ಮುರುಗಣ್ಣಾ, ಲಾರಿ ತಾ.
ಕಮ್ಮಾರ ಪಟ್ಟಿ ಕೊಡ.
ಆಚಾರಿ ಚೌಕಟ್ಟು ಕೊಡ.
ಮೇಸ್ತ್ರಿ ಗಂಟೆ ಕೊಡ.
ಗಂಟೆಯಿಲ್ಲದೆ ಕಡ್ಲೆ ಬಾರ."

"ಮುಂದೆ ನೋಡಕ್ಕಾ," ಅಂದ ಮುರುಗೇಶಿ.

ಹಂಡಕ್ಕ ಮುಂದೆ ನೋಡಿದಳು. ರಸ್ತೆಗೆ ಅಡ್ಡವಾಗಿ ಉದ್ದ ಗುಂಡಿ.

"ಮುಂದಿನ ಎರಡು ಚಕ್ರ ಗುಂಡಿಗೆ ಇಳಿದರೆ ಹಿಂದಿನ ನಾಲ್ಕು ಚಕ್ರ ಆಕಾಶ ನೋಡ್ತವೆ."

"ಕಬ್ಬಿಣ ಅಷ್ಟೇ ಇಳಿಸಿ ಕೊಡು."

"ಕಬ್ಬಿಣ ಕೆಳಗೆ, ಮರಳು ಮೇಲೆ. ಮರಳು ಇಲ್ಲೇ ಸುರಿದರೆ ಇಲ್ಲಿಯವರು ಅದರಲ್ಲಿ ಬೇರೆ ಮನೆ ಕಟ್ಟಿಬಿಡ್ತಾರೆ. ನನ್ನ ಕೆಲಸ ಮುಗಿದ ಹಾಗೇ. ತಡವೆಲ್ಲ ಆ ಪ್ಲಂಬರಿಂದು."

ಅಂದು ಬೆರಳು ತೋರಿಸಿದ. ಬೆರಳು ಗುಂಡಿಯೊಳಕ್ಕೆ ತೋರಿಸಿತು.

ಹಂಡಕ್ಕ ಗುಂಡಿಯ ಹತ್ತಿರ ಓಡಿದಳು.

ಗುಂಡಿ ಮುಚ್ಚಿದರೆ ಲಾರಿ ಬರುತ್ತೆ.
ಲಾರಿ ಬಂದರೆ ಪಟ್ಟಿ ಸಿಗುತ್ತೆ.
ಪಟ್ಟಿ ಸಿಕ್ಕರೆ ಚೌಕಟ್ಟು ಬರುತ್ತೆ.
ಚೌಕಟ್ಟು ಬಂದರೆ ಗೋಡೆ ಏಳುತ್ತೆ.
ಗೋಡೆ ಎದ್ದರೆ ಗಂಟೆ ಇಳಿಯುತ್ತೆ.
ಗಂಟೆ ಇಳಿದರೆ ಕಡ್ಲೆ ಬರ್ತಾನೆ.

ಗುಂಡಿಯಲ್ಲಿ ಒಂದು ಟೋಪಿ ಕಾಣಿಸಿತು. ಟೋಪಿಯ ಕೆಳಗೆ ಪ್ಲಂಬರ್ ಅಂತೋಣಿ ಇದ್ದ. ಪೈಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪೈಪನ್ನೇ ನೋಡುತ್ತಿದ್ದ.

"ಅಂತೋಣಣ್ಣಾ, ಅಂತೋಣಣ್ಣಾ, ಗುಂಡಿ ಮುಚ್ಚು.
ಡ್ರೈವರು ಲಾರಿ ತಾರ.
ಕಮ್ಮಾರ ಪಟ್ಟಿ ಕೊಡ.
ಆಚಾರಿ ಚೌಕಟ್ಟು ಕೊಡ.
ಮೇಸ್ತ್ರಿ ಗಂಟೆ ಕೊಡ.
ಗಂಟೆಯಿಲ್ಲದೆ ಕಡ್ಲೆ ಬಾರ."

"ಪೈಪಿಗೆ ನೀರು ಬಿಟ್ಟು ನೋಡದೆ ಮುಚ್ಚೋದಾ?" ಅಂದ ಅಂತೋಣಿ. "ಮುಚ್ಚಿದ ಮೇಲೆ ಸೋರಿದರೆ ಮತ್ತೆ ಅಗೆಯಬೇಕು. ಹೋದ ಮನೆಯಲ್ಲಿ ಹಾಗೇ ಆಯ್ತು. ಮೂರು ಸಲ ಮುಚ್ಚಿದೆ. ಮೂರು ಸಲ ಅಗೆದೆ. ನಾಲ್ಕನೇ ಸಲ ಅಗೆಯೋವಾಗ ಯಜಮಾನರು ಬಾವಿ ಅಂದುಕೊಂಡು ಕೊಡ ಇಳಿಸಿದರು."

"ಹಾಗಾದರೆ ನೀರು ಬಿಡು."

"ಮೋಟರಿನ ಬೀಗದ ಕೈ ಹುಲಿಗೆಮ್ಮನ ಸೊಂಟದಲ್ಲಿದೆ. ಎರಡು ಸಲ ಕೇಳಿದೆ. ಎರಡು ಸಲ ಬೈದಳು. ನನ್ನ ಕೆಲಸ ಮುಗಿದ ಹಾಗೇ. ತಡವೆಲ್ಲ ಅವಳದು."

ಗುಂಡಿಯಿಂದ ಒಂದು ಬೆರಳು ಮೇಲೆ ಬಂತು. ಬೆರಳು ತೋರಿಸಿತು. ಒಳಗೆ ಹೋಯಿತು.

ಅಷ್ಟರಲ್ಲಿ ದೂರದಲ್ಲಿ ಸಣ್ಣದಾಗಿ "ಮೇ" ಅಂತ ಕೇಳಿಸಿತು. ಕಡ್ಲೆಗೆ ಹಸಿವಾಗಿತ್ತು. ಹಂಡಕ್ಕ ಕಿವಿ ನಿಮಿರಿಸಿದಳು. ಕಾಂಕ್ರೀಟ್ ಮಿಕ್ಸರ್ ಗಡಗಡ ಅಂತಿತ್ತು. ಎಡದಿಂದ ಕೇಳಿತಾ? ಬಲದಿಂದ ಕೇಳಿತಾ? ಗೊತ್ತಾಗಲಿಲ್ಲ.

ಹಂಡಕ್ಕ ಇನ್ನೂ ಜೋರಾಗಿ ಓಡಿದಳು.

ನೀರು ಬಿಟ್ಟರೆ ಗುಂಡಿ ಮುಚ್ಚುತ್ತೆ.
ಗುಂಡಿ ಮುಚ್ಚಿದರೆ ಲಾರಿ ಬರುತ್ತೆ.
ಲಾರಿ ಬಂದರೆ ಪಟ್ಟಿ ಸಿಗುತ್ತೆ.
ಪಟ್ಟಿ ಸಿಕ್ಕರೆ ಚೌಕಟ್ಟು ಬರುತ್ತೆ.
ಚೌಕಟ್ಟು ಬಂದರೆ ಗೋಡೆ ಏಳುತ್ತೆ.
ಗೋಡೆ ಎದ್ದರೆ ಗಂಟೆ ಇಳಿಯುತ್ತೆ.
ಗಂಟೆ ಇಳಿದರೆ ಕಡ್ಲೆ ಬರ್ತಾನೆ.

ಹುಲಿಗೆಮ್ಮ ಹೊಸ ಗೋಡೆಗಳಿಗೆ ನೀರು ಹಾಕುವವಳು. ನೀರು ಕುಡಿಯದ ಗೋಡೆ ಗಟ್ಟಿಯಾಗುವುದಿಲ್ಲ. ಅವಳು ಎರಡು ಕಂಬದ ನಡುವೆ ಸೀರೆಯ ಜೋಲಿ ಕಟ್ಟಿದ್ದಳು. ಜೋಲಿಯಲ್ಲಿ ಪಾಪು. ಪಾಪು ಅಳುತ್ತಿತ್ತು. ಹುಲಿಗೆಮ್ಮ ತೂಗುತ್ತಿದ್ದಳು.

"ಹುಲಿಗವ್ವಾ, ಹುಲಿಗವ್ವಾ, ನೀರು ಬಿಡು.
ಪ್ಲಂಬರು ಗುಂಡಿ ಮುಚ್ಚ.
ಡ್ರೈವರು ಲಾರಿ ತಾರ.
ಕಮ್ಮಾರ ಪಟ್ಟಿ ಕೊಡ.
ಆಚಾರಿ ಚೌಕಟ್ಟು ಕೊಡ.
ಮೇಸ್ತ್ರಿ ಗಂಟೆ ಕೊಡ.
ಗಂಟೆಯಿಲ್ಲದೆ ಕಡ್ಲೆ ಬಾರ."

"ಒಂದು ಕೈಲಿ ಜೋಲಿ ತೂಗಬೇಕು," ಅಂದಳು ಹುಲಿಗೆಮ್ಮ. "ಇನ್ನೊಂದು ಕೈಲಿ ಬೆನ್ನು ತಟ್ಟಬೇಕು. ಮೋಟರು ಹಾಕೋಕೆ ಮೂರನೇ ಕೈ ನೀನು ಕೊಡ್ತೀಯಾ? ನಿನಗೆ ಒಂದೂ ಇಲ್ಲ."

ಅದು ನಿಜ. ಹಂಡಕ್ಕನಿಗೆ ಬರೀ ಕಾಲುಗಳು.

"ನನ್ನ ಕೆಲಸ ಮುಗಿದ ಹಾಗೇ ಯವ್ವಾ. ತಡವೆಲ್ಲ ಇವನದು."

ಅಂದು ಪಾಪು ಕಡೆ ಬೆರಳು ತೋರಿಸಿದಳು.

ಹಂಡಕ್ಕ ಜೋಲಿಯೊಳಗೆ ಮುಖ ಹಾಕಿದಳು.

"ಪಾಪಣ್ಣಾ, ಪಾಪಣ್ಣಾ, ಮಲಗು.
ಅಮ್ಮ ನೀರು ಬಿಡಳು.
ಪ್ಲಂಬರು ಗುಂಡಿ ಮುಚ್ಚ.
ಡ್ರೈವರು ಲಾರಿ ತಾರ.
ಕಮ್ಮಾರ ಪಟ್ಟಿ ಕೊಡ.
ಆಚಾರಿ ಚೌಕಟ್ಟು ಕೊಡ.
ಮೇಸ್ತ್ರಿ ಗಂಟೆ ಕೊಡ.
ಗಂಟೆಯಿಲ್ಲದೆ ಕಡ್ಲೆ ಬಾರ."

ಪಾಪುವಿಗೆ ಮಾತು ಬರುತ್ತಿರಲಿಲ್ಲ. ಪಾಪು ಅಳು ನಿಲ್ಲಿಸಿತು. ಮೂಗು ಸುರಿಸಿತು. ಆಮೇಲೆ ಪಾಪುವೂ ಬೆರಳು ತೋರಿಸಿತು.

ಎಲ್ಲಿಗೆ?

ಗೋಡೆಯ ಪಕ್ಕ ತೂಗುತ್ತಿದ್ದ ಕಂಚಿನ ಗಂಟೆಯ ಕಡೆಗೆ.

"ಬೆಳಿಗ್ಗೆ ಯಾರೋ ಗಂಟೆ ಕಟ್ಟಿಕೊಂಡು ಈ ಕಡೆ ಓಡಾಡ್ತಿದ್ರು," ಅಂದಳು ಹುಲಿಗೆಮ್ಮ. "ಟಿಣಿಂಗ್, ಟಿಣಿಂಗ್. ಇವನು ಒಂದು ಕಣ್ಣು ಮುಚ್ಚಿದ. ಎರಡನೇ ಕಣ್ಣು ಅರ್ಧ ಮುಚ್ಚಿದ. ಅಷ್ಟರಲ್ಲಿ ಗಂಟೆ ನಿಂತುಹೋಯ್ತು. ಆವಾಗಿಂದ ಹೀಗೇ. ಯಾವ ಪುಣ್ಯಾತ್ಮರು ನಿಲ್ಲಿಸಿದರೋ."

ಹಂಡಕ್ಕ ಗಡ್ಡ ಕೆರೆದುಕೊಂಡಳು. ನೆಲ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿಕೊಂಡಳು:

ಗಂಟೆ ಕೇಳಿದರೆ ಪಾಪು ಮಲಗುತ್ತೆ.
ಪಾಪು ಮಲಗಿದರೆ ನೀರು ಬಿಡ್ತಾಳೆ.
ನೀರು ಬಿಟ್ಟರೆ ಗುಂಡಿ ಮುಚ್ಚುತ್ತೆ.
ಗುಂಡಿ ಮುಚ್ಚಿದರೆ ಲಾರಿ ಬರುತ್ತೆ.
ಲಾರಿ ಬಂದರೆ ಪಟ್ಟಿ ಸಿಗುತ್ತೆ.
ಪಟ್ಟಿ ಸಿಕ್ಕರೆ ಚೌಕಟ್ಟು ಬರುತ್ತೆ.
ಚೌಕಟ್ಟು ಬಂದರೆ ಗೋಡೆ ಏಳುತ್ತೆ.
ಗೋಡೆ ಎದ್ದರೆ ಗಂಟೆ ಇಳಿಯುತ್ತೆ.
ಗಂಟೆ ಇಳಿದರೆ ಗಂಟೆ ಕೇಳುತ್ತೆ.
ಗಂಟೆ ಕೇಳಿದರೆ ಪಾಪು ಮಲಗುತ್ತೆ.
ಪಾಪು ಮಲಗಿದರೆ...

ಮೂರು ಸುತ್ತು ಹೇಳಿದಳು. ತಲೆ ತಿರುಗಿತು. ಕೂತುಬಿಟ್ಟಳು.

"ಮೇಸ್ತ್ರಿ," ಅಂತ ಅಲ್ಲಿಂದಲೇ ಕೂಗಿದಳು. "ಒಂದೇ ಒಂದು ಸಲ ಗಂಟೆ ಬಾರಿಸು."

"ಗಂಟೆ ಅಲ್ಲಾಡಿದರೆ ದಾರ ಅಲ್ಲಾಡುತ್ತೆ," ಅಂತ ಕುಬೇರಪ್ಪ ಕೂಗಿದ. "ದಾರ ಅಲ್ಲಾಡಿದರೆ ನಾನೂ ಅಲ್ಲಾಡ್ತೀನಿ."

ಪಾಪು ಮತ್ತೆ ಅ ಅ ಅ ಅಂತ ಶುರುಮಾಡಿತು.

ಹಂಡಕ್ಕ ಎದ್ದಳು. ಗಾರೆ ಕಲಸುವ ಬಾಂಡ್ಲಿಯನ್ನು ಕಾಲಿನಿಂದ ಒದ್ದಳು. ಡಬ್. ಪಾಪು ಜೋರಾಗಿ ಅತ್ತಿತು. ಖಾಲಿ ಡ್ರಮ್ಮಿಗೆ ಕೊಂಬು ಬಡಿದಳು. ಖಣ್. ಪಾಪು ಇನ್ನೂ ಜೋರಾಗಿ ಅತ್ತಿತು. ಖಾಲಿ ಸಿಮೆಂಟ್ ಚೀಲಕ್ಕೆ ಗುದ್ದಿದಳು. ಧೂಳು ಎದ್ದಿತು. ಹಂಡಕ್ಕನಿಗೇ ಸೀನು ಬಂತು.

ಬೇರೆ ದಾರಿ ಉಳಿಯಲಿಲ್ಲ. ಕಣ್ಣು ಮುಚ್ಚಿ, ಕತ್ತು ಅಲ್ಲಾಡಿಸುತ್ತ, ಗಂಟೆಯ ಸದ್ದನ್ನು ಬಾಯಿಂದಲೇ ಮಾಡಿದಳು.

"ಟಿಣೇಏಏಂಗ್. ಟಿಣೇಏಏಂಗ್."

ಪಾಪು ಥಟ್ಟನೆ ನಿಲ್ಲಿಸಿತು. ಇಂಥದ್ದನ್ನು ಅದು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಟಿಣೇಏಏಂಗ್."

ಪಾಪು ನಕ್ಕಿತು. ಆದರೂ ಬೆರಳು ಗಂಟೆಯ ಕಡೆಗೇ ಇತ್ತು. ಪಾಪುವಿಗೆ ಅಸಲಿ ನಕಲಿ ಗೊತ್ತು.

"ಆಯ್ತಪ್ಪ," ಅಂದಳು ಹಂಡಕ್ಕ. "ಇದು ಸದ್ಯಕ್ಕೆ. ನಿಜವಾದ್ದು ಸಾಲ ಇರಲಿ. ಈಗ ಮಲಗು. ನನ್ನ ಗಂಟೆ ನನ್ನ ಕೊರಳಿಗೆ ಬಂದ ಮೇಲೆ ನಿನಗೊಬ್ಬನಿಗೇ ಬಾರಿಸ್ತೀನಿ."

ಪಾಪು ಅವಳನ್ನು ನೋಡಿತು. ತುಂಬ ಹೊತ್ತು ನೋಡಿತು. ಒಂದು ಕಣ್ಣು ಮುಚ್ಚಿತು. ಎರಡನೇ ಕಣ್ಣು ಅರ್ಧ ಮುಚ್ಚಿತು.

"ಟಿಣೇಂಗ್," ಅಂದಳು ಹಂಡಕ್ಕ, ಮೆಲ್ಲಗೆ.

ಪಾಪು ಮಲಗಿತು.

ಹುಲಿಗೆಮ್ಮ ತುದಿಗಾಲಲ್ಲಿ ಎದ್ದಳು. ಎಲ್ಲರ ಕಡೆ ತಿರುಗಿದಳು. ಪಿಸುಮಾತಿನಲ್ಲಿ ಹೇಳಿದಳು, "ಯಾರಾದರೂ ಇವನನ್ನು ಎಬ್ಬಿಸಿದರೆ ಪೈಪು ತಂದು ಅವರ ತಲೆ ಮೇಲೆ ಬಿಡ್ತೀನಿ."

ಎಲ್ಲರೂ ಚಪ್ಪಲಿ ಬಿಚ್ಚಿದರು. ಮಿಕ್ಸರೂ ನಿಂತಿತು.

ಪಾಪು ಮಲಗಿತು. ಹುಲಿಗೆಮ್ಮ ನೀರು ಬಿಟ್ಟಳು.

ನೀರು ಗುಳುಗುಳು ಅಂತ ಪೈಪಿನಲ್ಲಿ ಬಂತು. ಒಂದು ಕಡೆ ಜಾಯಿಂಟಿನಿಂದ ಚಿಮ್ಮಿತು. ಸೀದಾ ಅಂತೋಣಿಯ ಮೂಗಿಗೆ. ಅಂತೋಣಿಗೆ ಖುಷಿಯೋ ಖುಷಿ. "ನೋಡಿದ್ರಾ, ನೋಡಿದ್ರಾ?" ಅಂತ ಪಿಸುಗುಟ್ಟಿದ. "ಇದಕ್ಕೇ ಮುಚ್ಚಲಿಲ್ಲ." ಜಾಯಿಂಟಿಗೆ ದಾರ ಸುತ್ತಿ ಬಿಗಿ ಮಾಡಿದ. ಇನ್ನೊಂದು ಸಲ ನೀರು ಬಂತು. ಸೋರಲಿಲ್ಲ.

ಪಾಪು ಮಲಗಿತು. ಹುಲಿಗೆಮ್ಮ ನೀರು ಬಿಟ್ಟಳು. ಅಂತೋಣಿ ಗುಂಡಿ ಮುಚ್ಚಿದ.

ಮುರುಗೇಶಿ ಲಾರಿ ಬಿಟ್ಟ. ಹಾರನ್ ಹೊಡೆಯಲಿಲ್ಲ. ಹಾರನ್ ಬದಲು ಕಿಟಕಿಯಿಂದ ತಲೆ ಹಾಕಿ "ಪೋಂ, ಪೋಂ" ಅಂತ ಪಿಸುಗುಟ್ಟುತ್ತ ಬಂದ. ಮರಳು ಸುರ್ರಂತ ಇಳಿಯಿತು. ಕಬ್ಬಿಣ ಕೆಳಗೆ ಬೀಳದ ಹಾಗೆ ತಬ್ಬಿಕೊಂಡು ಇಳಿಸಿದ.

ಪಾಪು ಮಲಗಿತು. ಹುಲಿಗೆಮ್ಮ ನೀರು ಬಿಟ್ಟಳು. ಅಂತೋಣಿ ಗುಂಡಿ ಮುಚ್ಚಿದ. ಮುರುಗೇಶಿ ಲಾರಿ ತಂದ.

ದಾದಾಪೀರ್ ಸುತ್ತಿಗೆಗೆ ಟವೆಲ್ ಸುತ್ತಿದ. ಕಾದ ಕಬ್ಬಿಣ ಬಡಿದ. ಟಪ್, ಟಪ್, ಟಪ್. ಟವೆಲ್ ಸುಟ್ಟಿತು. ಇನ್ನೊಂದು ಟವೆಲ್ ಸುತ್ತಿದ. ಅದೂ ಸುಟ್ಟಿತು. ಆಚಾರಿಯ ಟವೆಲ್ ಎತ್ತಿಕೊಂಡ. ಆರು ಪಟ್ಟಿ ಆದವು.

ಪಾಪು ಮಲಗಿತು. ಹುಲಿಗೆಮ್ಮ ನೀರು ಬಿಟ್ಟಳು. ಅಂತೋಣಿ ಗುಂಡಿ ಮುಚ್ಚಿದ. ಮುರುಗೇಶಿ ಲಾರಿ ತಂದ. ದಾದಾಪೀರ್ ಪಟ್ಟಿ ಕೊಟ್ಟ.

ಆಚಾರಿ ಈ ಪಕ್ಕಕ್ಕೆ ಮೂರು, ಆ ಪಕ್ಕಕ್ಕೆ ಮೂರು ಪಟ್ಟಿ ಬಿಗಿದ. ಚೌಕಟ್ಟು ಹೊತ್ತು ತಂದ. ಬಾಗಿಲು ನಿಲ್ಲಿಸುವಾಗ ಪೂಜೆ ಆಗಬೇಕು. ಅರಿಶಿನ ಹಚ್ಚಿದರು. ಕುಂಕುಮ ಇಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ಕುಬೇರಪ್ಪ ಮಾತ್ರ ಕಣ್ಣು ಮುಚ್ಚಲಿಲ್ಲ. ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತ.

ಪಾಪು ಮಲಗಿತು. ಹುಲಿಗೆಮ್ಮ ನೀರು ಬಿಟ್ಟಳು. ಅಂತೋಣಿ ಗುಂಡಿ ಮುಚ್ಚಿದ. ಮುರುಗೇಶಿ ಲಾರಿ ತಂದ. ದಾದಾಪೀರ್ ಪಟ್ಟಿ ಕೊಟ್ಟ. ಆಚಾರಿ ಚೌಕಟ್ಟು ತಂದ.

ಕುಬೇರಪ್ಪ ಗೋಡೆ ಕಟ್ಟಿದ. ಒಂದು ಇಟ್ಟಿಗೆ, ಒಂದು ಕರಣೆ ಗಾರೆ. ಒಂದು ಇಟ್ಟಿಗೆ, ಒಂದು ಕರಣೆ ಗಾರೆ. ನಡುನಡುವೆ ದಾರ ನೋಡಿದ. ದಾರ ನೆಟ್ಟಗಿತ್ತು. ಗೋಡೆಯೂ ನೆಟ್ಟಗಿತ್ತು. ಪಟ್ಟಿಗಳು ಗೋಡೆಯೊಳಗೆ ಕೂತವು. ಆಚಾರಿ ಚೌಕಟ್ಟು ಹಿಡಿದು ಜಗ್ಗಿದ. ಅಲ್ಲಾಡಲಿಲ್ಲ. ದಾದಾಪೀರ್ ಜಗ್ಗಿದ. ಅಲ್ಲಾಡಲಿಲ್ಲ.

"ಈಗ ಅಜ್ಜಿ ಬರಲಿ," ಅಂದ ಆಚಾರಿ.

ಪಾಪು ಮಲಗಿತು. ಹುಲಿಗೆಮ್ಮ ನೀರು ಬಿಟ್ಟಳು. ಅಂತೋಣಿ ಗುಂಡಿ ಮುಚ್ಚಿದ. ಮುರುಗೇಶಿ ಲಾರಿ ತಂದ. ದಾದಾಪೀರ್ ಪಟ್ಟಿ ಕೊಟ್ಟ. ಆಚಾರಿ ಚೌಕಟ್ಟು ತಂದ. ಕುಬೇರಪ್ಪ ಗೋಡೆ ಕಟ್ಟಿದ. ಗಂಟೆ ಇಳಿಯಿತು.

ಕುಬೇರಪ್ಪ ಗಂಟೆಯ ನಾಲಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಹಂಡಕ್ಕನ ಕೊರಳಿಗೆ ಕಟ್ಟಿದ. "ತಗೋ ಅಕ್ಕ. ಒಂದು ನಿಮಿಷ ಅಂದಿದ್ದೆ. ಸ್ವಲ್ಪ ಹೆಚ್ಚುಕಡಿಮೆ ಆಯ್ತು."

ಹಂಡಕ್ಕ ತಲೆ ಕೊಡವಿದಳು.

ಟಿಣಿಂಗ್, ಟಿಣಿಂಗ್, ಟಿಣಿಂಗ್.

ಮೂರನೇ ಇಟ್ಟಿಗೆ ರಾಶಿಯ ಹಿಂದಿನಿಂದ ಎರಡು ಕಿವಿ ಎದ್ದವು. ಕಿವಿಯ ಕೆಳಗೆ ಕಡ್ಲೆ. ನಾಲ್ಕು ಕಾಲೂ ನೆಲಕ್ಕೆ ತಾಗದ ಹಾಗೆ ಓಡಿ ಬಂದ. ಬಂದವನು ಅಮ್ಮನ ಹೊಟ್ಟೆಗೆ ತಲೆಯಿಂದ ಗುದ್ದಿದ. ಆಮೇಲೆ ಹಾಲು ಕುಡಿದ. ಕುಡಿಯುತ್ತಲೇ ದೂರು ಹೇಳಿದ.

"ಅಮ್ಮ, ಯಾರೋ ಒಬ್ಬಳು ಬಂದು 'ಮೇ' ಅಂದಳು. ಥೇಟ್ ನಿನ್ನ ಹಾಗೇ ಅಂದಳು. ನಾನು ಹೋಗಲಿಲ್ಲ. ರಾಶಿ ಸುತ್ತಿ ಸುತ್ತಿ ತಪ್ಪಿಸಿಕೊಂಡೆ."

"ಜಾಣ," ಅಂದಳು ಹಂಡಕ್ಕ.

"ಮೇಸ್ತ್ರಿ, ಈಗಲಾದರೂ ಹೇಳು. ಹುಣಸೆಕಟ್ಟೆಗೆ ಯಾವ ಕಡೆ?"

"ಅಲ್ಲಿ ಬೋರ್ಡು ಇದೆಯಲ್ಲ," ಅಂದ ಕುಬೇರಪ್ಪ.

ನಿಜವಾಗಿಯೂ ಬೋರ್ಡು ಇತ್ತು. ದೊಡ್ಡ ಬೋರ್ಡು. ಅಷ್ಟು ಹೊತ್ತೂ ಅದರ ಮುಂದೆ ಲಾರಿ ನಿಂತಿತ್ತು.

ಹಂಡಕ್ಕ ಹೊರಟಳು. ಟಿಣಿಂಗ್. ಹಿಂದೆ ಕಡ್ಲೆ. ನಾಲ್ಕು ಹೆಜ್ಜೆ ಹೋದರು. ಹಂಡಕ್ಕನಿಗೆ ಬೆನ್ನಲ್ಲಿ ಏನೋ ಚುಚ್ಚಿದ ಹಾಗಾಯಿತು. ತಿರುಗಿ ನೋಡಿದಳು.

ಜೋಲಿಯಿಂದ ಪುಟ್ಟ ಕೈ ಹೊರಗೆ ಬಂದಿತ್ತು. ಪಾಪು ಎದ್ದಿತ್ತು. ಅಳುತ್ತಿರಲಿಲ್ಲ. ಬೆರಳು ತೋರಿಸುತ್ತಿತ್ತು. ಗೋಡೆಯ ಕಡೆ ಅಲ್ಲ. ಮೇಸ್ತ್ರಿಯ ಕಡೆ ಅಲ್ಲ. ಸೀದಾ ಹಂಡಕ್ಕನ ಕಡೆ.

"ಅಮ್ಮ, ಅದು ಯಾಕೆ ನಿನ್ನನ್ನೇ ತೋರಿಸ್ತಿದೆ?" ಅಂದ ಕಡ್ಲೆ.

"ನನ್ನದೇ ಬಾಕಿ ಇದೆ ಮಗಾ," ಅಂದಳು ಹಂಡಕ್ಕ.

ನಾಲ್ಕು ಹೆಜ್ಜೆ ವಾಪಸ್ ಬಂದಳು. ಜೋಲಿಯ ಪಕ್ಕ ನಿಂತಳು. ಕತ್ತು ಅಲ್ಲಾಡಿಸಿದಳು.

ಟಿಣಿಂಗ್.

ಕುಬೇರಪ್ಪ ಕರಣೆ ಕೆಳಗಿಟ್ಟ. ಟಿಣಿಂಗ್. ದಾದಾಪೀರ್ ತಟ್ಟೆಯ ಟೀ ಕೆಳಗಿಟ್ಟ. ಟಿಣಿಂಗ್. ಕಡ್ಲೆ ಅಮ್ಮನ ಕಾಲಿಗೆ ಒರಗಿದ. ಟಿಣಿಂಗ್. ಪಾಪು ಒಂದು ಕಣ್ಣು ಮುಚ್ಚಿತು. ಟಿಣಿಂಗ್. ಎರಡನೇ ಕಣ್ಣು ಅರ್ಧ ಮುಚ್ಚಿತು.

ಈ ಸಲ ಗಂಟೆ ನಿಲ್ಲಲಿಲ್ಲ.

ಟಿಣಿಂಗ್. ಟಿಣಿಂಗ್. ಟಿಣಿಂಗ್.

ಎರಡನೇ ಕಣ್ಣು ಪೂರ್ತಿ ಮುಚ್ಚಿತು. ಪಾಪು ಬೆರಳು ಮಡಚಿತು. ಕೈ ಒಳಗೆ ಎಳೆದುಕೊಂಡಿತು.